ಭೂತಕ್ಕಿಂತ ಉತ್ತರ ಚೆನ್ನಾಗಿರಬೇಕು

ಮೂರನೇ ಕ್ಲಾಸಿನಿಂದ ಐದನೇ ಕ್ಲಾಸಿನವರೆಗಿನ ಮಕ್ಕಳಿಗೆ ನಾನು ಪತ್ತೇದಾರಿ ಪುಸ್ತಕ ಬರೆಯುತ್ತೇನೆ. ಚಿತ್ರ ಬರೆಯುವವಳು ನನ್ನ ತಂಗಿ. ಒಂದು ಗುಟ್ಟು, ಸ್ವಲ್ಪ ಹೆದರಿಕೆ, ಚಿಕ್ಕ ಚಿಕ್ಕ ಅಧ್ಯಾಯ, ಪುಟ ತಿರುಗಿಸಿದಲ್ಲೆಲ್ಲ ಒಂದು ಚಿತ್ರ. ನಾವಿರುವುದು ಕೊಡಗಿನ ನಾಪೋಕ್ಲು ಕಡೆ, ಕಾಫಿ ತೋಟದ ನಡುವೆ. ಮಳೆಗಾಲದಲ್ಲಿ ಕರೆಂಟು ಹೋದರೆ ಮತ್ತೆ ಯಾವಾಗ ಬರುತ್ತದೆ ಅಂತ ಹೇಳುವ ಹಾಗಿಲ್ಲ. ಇಂಥ ಕಡೆ ಹೆದರಿಕೆಗೆ ಸಾಮಾನು ಹುಡುಕಬೇಕಾಗಿಲ್ಲ. ಕಷ್ಟಪಟ್ಟು ಹುಡುಕಬೇಕಾದದ್ದು ಉತ್ತರವನ್ನು.

ಎಂಟು ವರ್ಷದ ಮಗು ಅಷ್ಟೂ ಪುಟ ಓದಿ ಮುಗಿಸಿದಾಗ, "ಗಾಳಿಗೆ ಬಾಗಿಲು ಬಡಿದುಕೊಂಡಿತ್ತು, ಅಷ್ಟೇ" ಅಂತ ಕತೆ ಮುಗಿದರೆ ಅದು ಮಗುವಿಗೆ ಮಾಡಿದ ಮೋಸ. ಭೂತ ಹೋದ ಜಾಗದಲ್ಲಿ ಭೂತಕ್ಕಿಂತ ಸ್ವಾರಸ್ಯದ್ದು ಏನಾದರೂ ಸಿಗಲೇಬೇಕು. ಹಾಗಾಗಿ ನಾನು ಯಾವಾಗಲೂ ಕೊನೆಯಿಂದ ಶುರು ಮಾಡುತ್ತೇನೆ. ಮೊದಲು ಉತ್ತರ, ಆಮೇಲೆ ಸುಳಿವು, ಹೆದರಿಕೆ ಎಲ್ಲದರ ಕೊನೆಗೆ.

ಮೊದಲ ಪುಸ್ತಕದ ಉತ್ತರ ನಮ್ಮ ಅಟ್ಟದಲ್ಲೇ ಇತ್ತು. ಮರಬೆಕ್ಕು, ಪುನುಗು ಬೆಕ್ಕಿನ ಜಾತಿಯದು. ಹಗಲೆಲ್ಲ ನಿದ್ದೆ, ರಾತ್ರಿ ಓಡಾಟ. ಕಾಫಿ ಹಣ್ಣು ತಿಂದು ಬೀಜವನ್ನು ಹಿಕ್ಕೆಯಲ್ಲಿ ಹಾಗೇ ಹೊರಗೆ ಹಾಕುತ್ತದೆ. ಆ ಬೀಜ ತೊಳೆದು ಹುರಿದು ಮಾಡಿದ ಪುಡಿಗೆ ಪೇಟೆಯಲ್ಲಿ ಭಾರೀ ಬೆಲೆ. ಇದನ್ನು ಕೇಳಿದಾಗ ಮಕ್ಕಳ ಮುಖ ನೋಡಬೇಕು! ಅದರ ಮೈಯಿಂದ ಘಮದ ಅಕ್ಕಿ ಬೇಯುತ್ತಿರುವಂಥ ವಾಸನೆಯೂ ಬರುತ್ತದೆ. ನಡುರಾತ್ರಿ, ಒಲೆ ಆರಿದೆ, ಯಾರೂ ಅಡುಗೆ ಮಾಡುತ್ತಿಲ್ಲ. ಆದರೂ ಮನೆಯೊಳಗೆ ಅನ್ನದ ಘಮ, ಅಟ್ಟದ ಮೇಲೆ ಧಡ್ ಧಡ್ ಸದ್ದು. ಇದಕ್ಕಿಂತ ಜಾಸ್ತಿ ಹೆದರಿಕೆ ಆ ವಯಸ್ಸಿಗೆ ಬೇಡ.

ಆದರೆ ಕಾಲ ಸರಿಯಾಗಿರಬೇಕು. ಮಳೆಗಾಲದ ರಾತ್ರಿ ಇಂಥ ಕತೆಗೆ ಚೆನ್ನ, ಸರಿ. ಆಗ ಗಿಡದಲ್ಲಿ ಹಣ್ಣೇ ಇರುವುದಿಲ್ಲವಲ್ಲ! ಅರೇಬಿಕಾ ಕುಯ್ಯುವುದು ನವೆಂಬರ್ ಮೇಲೆ, ರೊಬಸ್ಟಾ ಇನ್ನೂ ತಡ. ತೋಟದ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅದಕ್ಕೇ ಕತೆಯನ್ನು ಆ ಹೊತ್ತಿಗೆ ಬರುವ ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಇಟ್ಟೆ. ಹುತ್ತರಿ ರಾತ್ರಿ ಮನೆಮಂದಿಯೆಲ್ಲ ಗದ್ದೆಗೆ ಹೋಗುತ್ತಾರೆ. ಗುಂಡು ಹಾರುತ್ತದೆ, ಕದಿರು ಕುಯ್ಯುತ್ತಾರೆ, "ಪೊಲಿ ಪೊಲಿ ದೇವಾ" ಅಂತ ಎಲ್ಲರೂ ಕೂಗುತ್ತಾರೆ. ವಾಪಸು ಬಂದು ನೋಡಿದರೆ ಖಾಲಿ ಮನೆಯೊಳಗೆ ಯಾರೋ ಓಡಾಡಿದ್ದಾರೆ!

ನನ್ನ ಪ್ರಕಾರ ದೊಡ್ಡ ಸುಳಿವು ಚಿತ್ರದಲ್ಲಿ ಇರಬೇಕು, ಬರಹ ಅದರ ಬಗ್ಗೆ ಬಾಯಿ ಬಿಡಬಾರದು. ಆ ಪುಸ್ತಕದಲ್ಲಿ ಮಕ್ಕಳು ಅಟ್ಟದ ಮೇಲೆ ಒಲೆಯ ಬೂದಿ ಹರಡುತ್ತಾರೆ. ಬೆಳಿಗ್ಗೆ ನೋಡಿದರೆ ಹೆಜ್ಜೆ ಗುರುತು. "ನಮ್ಮ ಬೆಕ್ಕಿನದ್ದೇ ಕಣ್ರೋ" ಅಂತ ಅಜ್ಜ ಕೆಳಗೆ ಇಳಿದು ಹೋಗುತ್ತಾರೆ. ಬರಹ ಅಲ್ಲಿಗೆ ನಿಲ್ಲುತ್ತದೆ. ಎದುರು ಪುಟದಲ್ಲಿ ತಂಗಿ ಒಂದೊಂದು ಹೆಜ್ಜೆಗೂ ಐದು ಬೆರಳು ಬರೆದಿದ್ದಾಳೆ. ಮನೆ ಬೆಕ್ಕಿನ ಗುರುತಿನಲ್ಲಿ ಕಾಣುವುದು ನಾಲ್ಕೇ ಬೆರಳು. ಎರಡು ಅಧ್ಯಾಯ ಹಿಂದೆ, ಚೆಲ್ಲಿದ ಅಕ್ಕಿ ಹಿಟ್ಟಿನ ಮೇಲೆ ಮನೆ ಬೆಕ್ಕು ನಡೆದ ಚಿತ್ರವೂ ಇದೆ. ಅಚ್ಚಿಗೆ ಹೋಗುವ ಮುಂಚೆ ನಾನು ಹತ್ತಿರದ ಶಾಲೆಯಲ್ಲಿ ಇದನ್ನು ಓದಿ ಹೇಳಿ ಚಿತ್ರ ತೋರಿಸುತ್ತಿದ್ದೆ. ಓದುವಾಗ ತಡವರಿಸುವ ಒಬ್ಬಳು ಹುಡುಗಿ ಎದ್ದು ನಿಂತು, "ಟೀಚರ್, ಇದು ಬೇರೆ ಬೆಕ್ಕು!" ಅಂದಳು. ಅಕ್ಷರದಲ್ಲಿ ಹಿಂದಿರುವ ಮಗು ಕಣ್ಣಿನಿಂದ ಎಲ್ಲರಿಗಿಂತ ಮುಂದೆ ಹೋಗಿತ್ತು. ಚಿತ್ರ ಇರುವ ಪುಸ್ತಕವೇ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಎರಡನೇ ಪುಸ್ತಕ ಮದ್ದು ಸೊಪ್ಪಿನದು. ಕಕ್ಕಡ ತಿಂಗಳ ಹದಿನೆಂಟನೇ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಈ ಸೊಪ್ಪಿಗೆ ಹದಿನೆಂಟು ಬಗೆಯ ಮದ್ದು ಸೇರುತ್ತದೆ ಅಂತ ನಮ್ಮಲ್ಲಿ ನಂಬಿಕೆ. ಅವತ್ತು ಸೊಪ್ಪು ಬೇಯಿಸಿದರೆ ನೀರು ಕಡು ನೇರಳೆಯಾಗುತ್ತದೆ. ಅದರಲ್ಲಿ ಪಾಯಸ ಮಾಡುತ್ತಾರೆ. ತಿಂದ ಮೇಲೆ ಮೂತ್ರ ಕೆಂಪಾಗುತ್ತದೆ! ಕೊಡಗಿನ ಮಕ್ಕಳಿಗೆ ಇದು ಗೊತ್ತು. ಹೊಸದಾಗಿ ಬಂದವರಿಗೆ ಗೊತ್ತಿಲ್ಲ. ನಮ್ಮ ಕತೆಯ ಹುಡುಗ ಬಯಲುಸೀಮೆಯಿಂದ ಬಂದವನು. ಅಪ್ಪನಿಗೆ ಇಲ್ಲಿಗೆ ವರ್ಗ ಆಗಿದೆ. ಬೆಳಿಗ್ಗೆ ಬಚ್ಚಲಿಗೆ ಹೋದವನು ನಡುಗುತ್ತಾ ಹೊರಗೆ ಬರುತ್ತಾನೆ. ಯಾರಿಗೂ ಹೇಳಲು ನಾಚಿಕೆ. ಪಕ್ಕದ ಲೈನ್ ಮನೆಯ, ಅಂದರೆ ತೋಟದ ಕೆಲಸದವರ ಸಾಲು ಮನೆಯ, ಗೆಳತಿಗೆ ಮಾತ್ರ ಹೇಳುತ್ತಾನೆ. ಅವಳಿಗೆ ಅರ್ಧ ಉತ್ತರ ಗೊತ್ತಿದೆ, ಆದರೆ ಅವನು ಪಾಯಸ ತಿಂದೇ ಇಲ್ಲ ಅಂತಾನೆ. ಹಾಗಾದರೆ ಮದ್ದು ಅವನ ಹೊಟ್ಟೆಗೆ ಹೋದದ್ದು ಹೇಗೆ? ಅದೇ ಗುಟ್ಟು.

ಇಲ್ಲಿ ಬಣ್ಣವೇ ಸುಳಿವು. ಬರೀ ಕಪ್ಪಿನಲ್ಲಿ ಅಚ್ಚು ಹಾಕಿದರೆ ಕತೆ ಸತ್ತಂತೆ. ನಾಲ್ಕು ಬಣ್ಣಕ್ಕೆ ನಮ್ಮಲ್ಲಿ ದುಡ್ಡಿರಲಿಲ್ಲ. ಆಫ್‌ಸೆಟ್‌ನಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಪ್ಲೇಟು ಬೇಕು. ಕಪ್ಪು ಮತ್ತು ನೇರಳೆ, ಎರಡೇ ಸಾಕು ಅಂತ ತೀರ್ಮಾನ ಮಾಡಿದೆವು. ಒಟ್ಟಿಗೆ ಅಚ್ಚಾಗುವ ಹದಿನಾರು ಪುಟಕ್ಕೆ ಒಂದು ಫಾರಂ. ನೇರಳೆ ಬೇಕಾದ ಚಿತ್ರಗಳೆಲ್ಲ ಎರಡು ಫಾರಂ ಒಳಗೆ ಬರುವ ಹಾಗೆ ನಾನು ಅಧ್ಯಾಯಗಳನ್ನು ಉದ್ದ ಗಿಡ್ಡ ಮಾಡಿದೆ. ಉಳಿದ ಎರಡು ಫಾರಂ ಬರೀ ಕಪ್ಪು. ಇನ್ನೊಂದು ವಿಷಯ: ಸೊಪ್ಪಿನ ರಸಕ್ಕೆ ಮಾತ್ರ ನೇರಳೆ ಹಚ್ಚಿದರೆ ಗುಟ್ಟು ಮೊದಲೇ ಬಯಲಾಗುತ್ತದೆ. ಅದಕ್ಕೆ ತಂಗಿ ಒಂದು ಛತ್ರಿಗೂ, ಪೋಸ್ಟ್ ಮಾಸ್ಟರ ಬೆರಳಿನ ಶಾಯಿಗೂ ಅದೇ ಬಣ್ಣ ಕೊಟ್ಟಳು. ಸೌಟಿನ ತುದಿಯಲ್ಲಿ ಒಂದು ಚುಕ್ಕೆ ಇದೆ. ನೋಡಿದವರಿಗೆ ಉಂಟು.

ಕೆಲವು ವಿಷಯಗಳನ್ನು ನಾವು ಮುಟ್ಟುವುದೇ ಇಲ್ಲ. ಗುಳಿಗ, ಕುಟ್ಟಿಚಾತ ಅನ್ನುವ ದೈವಗಳು, ಮನೆತನದ ಗುಡಿಯಾದ ಕೈಮಡದಲ್ಲಿ ದೀಪ ಇಟ್ಟು ನೆನೆಯುವ ತೀರಿಹೋದ ಹಿರಿಯರು, ಇವರೆಲ್ಲ ಇಲ್ಲಿ ಎಷ್ಟೋ ಮನೆಗಳಿಗೆ ಕಾಯುವವರು. ಅವರನ್ನು ಹೆದರಿಸುವ ಭೂತ ಮಾಡಿ ತೋರಿಸುವುದು ತಪ್ಪು. ಕೊನೆಗೆ "ಅದೆಲ್ಲ ಸುಳ್ಳು" ಅಂತ ಪತ್ತೆ ಮಾಡಿಸುವುದೂ ನನಗೆ ಬೇಡ. ಹಾಗೆಯೇ, ಅನುಮಾನ ಬರುವುದು ಯಾವಾಗಲೂ ತೋಟದ ಕೆಲಸದವರ ಮೇಲೆ, ವಾಚ್‌ಮನ್ ಮೇಲೆ, ಹೊರಗಿನಿಂದ ಬಂದವರ ಮೇಲೆ, ಇಂಥ ಕತೆ ಬರೆಯುವುದಿಲ್ಲ. ಅವರ ಮಕ್ಕಳೂ ಅದೇ ಕ್ಲಾಸಿನಲ್ಲಿ ಕೂತು ಓದುತ್ತಾರೆ. ಲೈನ್ ಮನೆಯ ಹುಡುಗಿಯನ್ನೇ ನಾನು ಪತ್ತೇದಾರಿ ಮಾಡಿದ್ದು ಅದಕ್ಕೇ.

ರಾತ್ರಿ ಟಾರ್ಚ್ ಹಿಡಿದು ತೋಟಕ್ಕೆ ಹೋಗುವ ಸಾಹಸವೂ ನಮ್ಮ ಪುಸ್ತಕದಲ್ಲಿ ಇಲ್ಲ. ಆನೆ ಓಡಾಡುವ ಊರು ಇದು. ಪತ್ತೆ ಕೆಲಸ ಎಲ್ಲ ಹಗಲಲ್ಲಿ. ಮಕ್ಕಳು ಯಾವಾಗಲೂ ಇಬ್ಬರು, ಜೊತೆಗೊಂದು ನಾಯಿ, ಕೂಗಿದರೆ ಕೇಳುವಷ್ಟು ದೂರದಲ್ಲಿ ಒಬ್ಬರು ದೊಡ್ಡವರು. ಇಷ್ಟು ಭದ್ರ ಮಾಡಿಕೊಂಡ ಮೇಲೆ ಧಡ್ ಧಡ್ ಸದ್ದನ್ನು ಎಷ್ಟು ಬೇಕಾದರೂ ಜೋರು ಮಾಡಬಹುದು.

ಅಕ್ಷರದ ವಿಷಯ ಸ್ವಲ್ಪ ಹೇಳಬೇಕು. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ಎರವ ಮಾತಾಡುವ ಮನೆಗಳಿಂದ ಮಕ್ಕಳು ಬರುತ್ತಾರೆ. ಎಷ್ಟೋ ಮಕ್ಕಳಿಗೆ ಕನ್ನಡ ಶಾಲೆಯ ಭಾಷೆ. "ಹೋಗಿಬಿಟ್ಟಿರಬಹುದೇನೋ" ಅಂತ ಒಂದೇ ಉಸಿರಿನ ಪದ ಬಂದರೆ ಅಲ್ಲೇ ಮುಗ್ಗರಿಸುತ್ತಾರೆ. "ಹೋಗಿರಬಹುದು" ಸಾಕು. ಸಾಲುಗಳ ಎರಡೂ ಅಂಚು ಸಮ ಮಾಡಬೇಡಿ. ಕನ್ನಡದ ಪದ ಉದ್ದ, ನಡುವೆ ದೊಡ್ಡ ದೊಡ್ಡ ಜಾಗ ಬಿಟ್ಟುಕೊಳ್ಳುತ್ತದೆ. ಎಡಗಡೆ ಮಾತ್ರ ಸಮ ಇರಲಿ. ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗದಷ್ಟು ಅಂತರವೂ ಬೇಕು.

ಈಗ ಮೂರನೆಯದು ಶುರುವಾಗಿದೆ. ಮಳೆಗಾಲದ ಬೆಳಗಿನ ಜಾವ ತೋಡಿನ, ಅಂದರೆ ಸಣ್ಣ ಹಳ್ಳದ, ಬದಿಯಲ್ಲಿ ಯಾರೋ ಸಿಳ್ಳೆ ಹಾಕುತ್ತಾರೆ, ಥೇಟ್ ಮನುಷ್ಯರ ಹಾಗೆ. ಮಲಬಾರ್ ವಿಸ್ಲಿಂಗ್ ಥ್ರಷ್ ಅನ್ನುವ ಹಕ್ಕಿ ಅದು. ಕಪ್ಪು ಮೈ, ಹೆಗಲ ಮೇಲೆ ಹೊಳೆಯುವ ನೀಲಿ. ಆದರೆ ನಮ್ಮೂರ ಮಕ್ಕಳು ಇದನ್ನು ಮೊದಲ ಪುಟದಲ್ಲೇ ಹೇಳಿಬಿಡುತ್ತಾರೆ. ಹಾಗಾಗಿ ಗುಟ್ಟನ್ನು ಬದಲಿಸಿದ್ದೇನೆ. ಸಿಳ್ಳೆ ಹಕ್ಕಿಯದು ಅಂತ ಎಲ್ಲರಿಗೂ ಗೊತ್ತು. ಅದಕ್ಕೆ ತೋಡಿನ ಆಚೆಯಿಂದ ತಿರುಗಿ ಸಿಳ್ಳೆ ಹಾಕುತ್ತಿರುವುದು ಯಾರು? ತಂಗಿ ದಿನಾ ಕೇಳುತ್ತಾಳೆ, ನನಗೂ ಇನ್ನೂ ಗೊತ್ತಿಲ್ಲ. ಗೊತ್ತಾಗುವವರೆಗೆ ಮೊದಲ ಅಧ್ಯಾಯ ಬರೆಯುವುದಿಲ್ಲ.