ಅಡುಗೆ ಸೋಡಾ: ತಿಂಡಿ ಹೋಟೆಲಿನ ಒಲೆಯ ಬಳಿ ಕಲಿತದ್ದು

ಚಿಕ್ಕಮಗಳೂರಿನಲ್ಲಿ ಸಣ್ಣದೊಂದು ತಿಂಡಿ ಹೋಟೆಲ್ ನಡೆಸುತ್ತಿರುವ ನನಗೆ ಅಡುಗೆ ಸೋಡಾ ದಿನವೂ ಬೇಕಾಗುವ ಸಾಮಾನು. ಸಂಜೆಯ ಗೋಳಿಬಜೆಗೂ ಅದು ಬೇಕು, ರಾತ್ರಿ ಕಾಫಿ ಫಿಲ್ಟರ್ ತೊಳೆಯುವುದಕ್ಕೂ ಅದು ಬೇಕು. ಇಷ್ಟು ವರ್ಷ ಬಳಸಿದ ಮೇಲೆ ನನಗೆ ಖಚಿತವಾಗಿರುವ ಮಾತೆಂದರೆ, ತಿನ್ನುವ ಪದಾರ್ಥಕ್ಕೆ ಹಾಕುವಾಗ ಸೋಡಾಕ್ಕೆ ಹುಳಿಯ ಜೊತೆ ಇರಲೇಬೇಕು. ಪಾತ್ರೆ ತೊಳೆಯುವಾಗ ಹುಳಿ ಅದರ ಹತ್ತಿರ ಸುಳಿಯಬಾರದು. ‘ಚಿಟಿಕೆ ಸೋಡಾ ಹಾಕಿ’ ಎಂದಷ್ಟೇ ಹೇಳಿ ಮುಂದೆ ಹೋಗುವವರು ಈ ವಿಷಯವನ್ನು ಬಿಟ್ಟುಬಿಡುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಅಡುಗೆ ಸೋಡಾ ಎಂದರೆ ಸೋಡಿಯಂ ಬೈಕಾರ್ಬೊನೇಟ್. ಮೊಸರು, ಮಜ್ಜಿಗೆ, ನಿಂಬೆರಸ ಮುಂತಾದ ಹುಳಿ ಸಾಕಷ್ಟು ಸಿಕ್ಕರೆ ಅದು ತನ್ನಲ್ಲಿರುವ ಇಂಗಾಲದ ಡೈಆಕ್ಸೈಡನ್ನೆಲ್ಲ ಬಿಟ್ಟುಕೊಡುತ್ತದೆ; ಲೆಕ್ಕದಲ್ಲಿ 84 ಗ್ರಾಂ ಸೋಡಾದಿಂದ 44 ಗ್ರಾಂ ಅನಿಲ ಹೊರಡುತ್ತದೆ. ಹುಳಿಯಿಲ್ಲದೆ ಬರಿಯ ಕಾವಿನಿಂದ ಒಡೆದರೆ ಹೊರಡುವುದು ಅದರ ಅರ್ಧ, ಅಂದರೆ 22 ಗ್ರಾಂ ಮಾತ್ರ. 9 ಗ್ರಾಂ ನೀರಾಗುತ್ತದೆ. ಉಳಿದ 53 ಗ್ರಾಂ ಸೋಡಿಯಂ ಕಾರ್ಬೊನೇಟ್ ಆಗಿ, ಅಂದರೆ ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಆಗಿ, ತಿಂಡಿಯಲ್ಲೇ ಉಳಿಯುತ್ತದೆ. ಸೋಡಾ ಹೆಚ್ಚಾದ ಬೋಂಡಾ ಬಾಯಿಗಿಟ್ಟೊಡನೆ ಸಾಬೂನಿನ ರುಚಿ ಬರುವುದು ಇದರಿಂದಲೇ.

ಈ ಎರಡು ಸೋಡಾಗಳ ನಂಟು ಬಹಳ ಹಳೆಯದು. ಪ್ರಾಚೀನ ಈಜಿಪ್ಟಿನವರು ವಾದಿ ನತ್ರೂನ್ ಕಣಿವೆಯಿಂದ ತರುತ್ತಿದ್ದ ನೇಟ್ರಾನ್ ಎಂಬ ಉಪ್ಪಿನಲ್ಲಿ ಇವೆರಡೂ ಬೆರೆತಿದ್ದವು. ಅದನ್ನು ಅವರು ಮೈ ತೊಳೆಯಲೂ, ಶವಗಳನ್ನು ಕೆಡದಂತೆ ಒಣಗಿಸಲೂ ಬಳಸುತ್ತಿದ್ದರು. ನಮ್ಮ ಬಯಲುಸೀಮೆಯ ಮಡಿವಾಳರು ಚೌಳುಮಣ್ಣಿನ ನೀರಿನಲ್ಲಿ ಬಟ್ಟೆ ಅದ್ದಿ ಉಬ್ಬೆಗೆ ಹಾಕುತ್ತಿದ್ದುದೂ ಇಂಥದೇ ಕ್ಷಾರದ ಬಲದಿಂದ. ಫ್ರಾನ್ಸಿನ ನಿಕೊಲಾ ಲೆಬ್ಲಾಂಕ್ 1791ರಲ್ಲಿ ಸಾಮಾನ್ಯ ಉಪ್ಪಿನಿಂದ ವಾಷಿಂಗ್ ಸೋಡಾ ತಯಾರಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದರು. 1801ರಲ್ಲಿ ಬರ್ಲಿನ್ನಿನ ವ್ಯಾಲೆಂಟಿನ್ ರೋಸ್ ಬೈಕಾರ್ಬೊನೇಟನ್ನು ಕಂಡುಕೊಂಡರು. ಅದು ಅಡುಗೆಮನೆಯ ಸರಕಾದದ್ದು 1846ರಲ್ಲಿ ಅಮೆರಿಕದ ಜಾನ್ ಡ್ವೈಟ್ ಮತ್ತು ಆಸ್ಟಿನ್ ಚರ್ಚ್ ಅದನ್ನು ತಯಾರಿಸಿ ಮಾರತೊಡಗಿದ ಮೇಲೆ. 1860ರ ದಶಕದಲ್ಲಿ ಬೆಲ್ಜಿಯಂನ ಅರ್ನೆಸ್ಟ್ ಸಾಲ್ವೆ ಉಪ್ಪುನೀರು, ಅಮೋನಿಯಾ ಮತ್ತು ಸುಣ್ಣದಕಲ್ಲಿನಿಂದ ಅಗ್ಗವಾಗಿ ಸೋಡಾ ತೆಗೆಯುವ ದಾರಿ ತೋರಿಸಿದರು. ನಮ್ಮ ದೇಶದಲ್ಲಿ ಗುಜರಾತಿನ ಕಡಲತೀರದ ಮಿಠಾಪುರದಲ್ಲಿ 1939ರಲ್ಲಿ ಸ್ಥಾಪನೆಯಾದ ಟಾಟಾ ಕೆಮಿಕಲ್ಸ್ ಈ ಉದ್ಯಮದಲ್ಲಿ ದೊಡ್ಡ ಹೆಸರು.

ಇನ್ನು ಗೋಳಿಬಜೆ. ಎರಡು ಕಪ್ ಮೈದಾಕ್ಕೆ ಒಂದು ಕಪ್ ಚೆನ್ನಾಗಿ ಹುಳಿ ಬಂದ ಮೊಸರು, ಅದಕ್ಕೆ ಅರ್ಧ ಟೀ ಚಮಚ ಸೋಡಾ, ಮಟ್ಟ ಹಾಕಿ ಅಳೆದದ್ದು, ಇದು ನನ್ನ ಅಳತೆ. ಒಂದು ಕಪ್ ಮೊಸರಿನ ಹುಳಿ ಸುಮಾರು ಅಷ್ಟು ಸೋಡಾವನ್ನು ಮಾತ್ರ ತೀರಿಸಬಲ್ಲದು. ಅದಕ್ಕಿಂತ ಹೆಚ್ಚು ಹಾಕಿದರೆ ತಿಂಡಿ ಎಣ್ಣೆ ಕುಡಿಯುತ್ತದೆಯೇ ಹೊರತು ಹಗುರವಾಗುವುದಿಲ್ಲ. ಶುಂಠಿ, ಹಸಿಮೆಣಸು, ಕರಿಬೇವು, ತೆಂಗಿನಕಾಯಿ ಚೂರುಗಳೊಂದಿಗೆ ಹಿಟ್ಟನ್ನು ಮೊದಲೇ ಕಲಸಿ ಒಂದೆರಡು ಗಂಟೆ ಬಿಡುತ್ತೇವೆ. ಸೋಡಾ ಮಾತ್ರ ಕೊನೆಗೆ. ಹೊಸದಾಗಿ ಸೇರಿದ ಹುಡುಗ ‘ಭಟ್ರೇ, ಸೋಡಾ ಈಗ್ಲೇ ಹಾಕ್ಲಾ?’ ಎಂದು ಕೇಳಿದರೆ, ‘ಎಣ್ಣೆ ಕಾಯ್ಲಿ ತಡಿಯಪ್ಪ’ ಎಂಬುದು ನಮ್ಮ ಭಟ್ಟರ ಉತ್ತರ. ಮೊಸರು ತಾಗಿದ ಕ್ಷಣದಿಂದಲೇ ಅನಿಲ ಹೊರಡತೊಡಗುವುದರಿಂದ, ಬೇಗ ಹಾಕಿದಷ್ಟೂ ಎಣ್ಣೆಗೆ ಬೀಳುವ ಹೊತ್ತಿಗೆ ಅದರ ಕಸುವು ಕಡಿಮೆಯಾಗಿರುತ್ತದೆ. ಒಂದು ಚಮಚ ನೀರಿನಲ್ಲಿ ಗಂಟಿಲ್ಲದಂತೆ ಕರಗಿಸಿ ಸೇರಿಸಿ, ಒದ್ದೆ ಕೈಯಿಂದ ಹಿಟ್ಟನ್ನು ಬಾಣಲೆಗೆ ಬಿಟ್ಟಾಗ ಉಂಡೆ ತಾನಾಗಿ ತೇಲಿ ಮಗುಚಿಕೊಂಡರೆ ಹದ ಸರಿಯಾಗಿದೆ ಎಂದರ್ಥ. ಬಿಸಿಯಿರುವಾಗಲೇ ಮುರಿದು ನೋಡಿದರೆ ಒಳಗೆ ಸಣ್ಣ ಸಣ್ಣ ಕಣ್ಣುಗಳ ಬಲೆ ಕಾಣಬೇಕು, ಹಿಟ್ಟಿನ ಜಿಗುಟು ಇರಬಾರದು.

ಅರಿಶಿನ ಹಾಕಿದ ಕಡಲೆಹಿಟ್ಟಿನ ಬಜ್ಜಿಯಲ್ಲಿ ಸೋಡಾ ಸರಿಯಾಗಿ ಕರಗಿದೆಯೇ ಎಂಬುದನ್ನು ಅರಿಶಿನವೇ ಹೇಳುತ್ತದೆ. ಆರತಿಗೆಂದು ಅರಿಶಿನಕ್ಕೆ ಸುಣ್ಣ ಬೆರೆಸಿದರೆ ನೀರು ಕೆಂಪಾಗುವಂತೆ, ಸೋಡಾ ಗಂಟು ಉಳಿದಲ್ಲಿ ಕೆಂಪು ಚುಕ್ಕೆ ಮೂಡುತ್ತದೆ.

ಇಡ್ಲಿ ದೋಸೆಯ ಪ್ರಶ್ನೆ ಬರುವುದು ಆಷಾಢದ ಮಳೆಯಲ್ಲಿ. ನಮ್ಮೂರಿನ ಆ ಥಂಡಿಗೆ ರಾತ್ರಿ ಕಲಸಿಟ್ಟ ಹಿಟ್ಟು ಬೆಳಗಾದರೂ ಕದಲುವುದಿಲ್ಲ, ಆಗ ಎಲ್ಲರ ಕೈಯೂ ಸೋಡಾ ಡಬ್ಬಿಯತ್ತ ಹೋಗುತ್ತದೆ. ಆದರೆ ಹುದುಗು ಬರುವಾಗ ಸೂಕ್ಷ್ಮಜೀವಿಗಳು ಅನಿಲವನ್ನೂ ಹುಳಿಯನ್ನೂ ಎರಡನ್ನೂ ಉಂಟುಮಾಡುತ್ತವೆ; ಸೋಡಾ ಕೊಡುವುದು ಅನಿಲವನ್ನಷ್ಟೇ. ಹುದುಗು ಬಾರದ ಹಿಟ್ಟಿನಲ್ಲಿ ಹುಳಿಯೇ ಇಲ್ಲದಿರುವುದರಿಂದ ಸೋಡಾ ಹಾಕಿದ ಇಡ್ಲಿ ಹಳದಿ ತಿರುಗಿ ವಾಸನೆ ಹೊಡೆಯುತ್ತದೆ. ಆದ್ದರಿಂದ ನಾನು ಬೆಚ್ಚಗಿನ ನೀರಿನಲ್ಲಿ ರುಬ್ಬಿಸಿ, ಹಿಂದಿನ ದಿನದ ಹಿಟ್ಟು ಸ್ವಲ್ಪ ಸೇರಿಸಿ, ಪಾತ್ರೆಯನ್ನು ಒಲೆಯ ಮಗ್ಗುಲಲ್ಲಿ ಇರಿಸುತ್ತೇನೆ. ಅಷ್ಟಾದರೂ ಆಗದಿದ್ದರೆ ಹುಳಿ ಮಜ್ಜಿಗೆ ಬೆರೆಸಿಯೇ ಸೋಡಾ ಹಾಕುವುದು.

ಹುರುಳಿ, ಕಡಲೆಕಾಳು ಬೇಗ ಬೇಯಲೆಂದು ಸೋಡಾ ಹಾಕುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಕಾಳು ಮೆತ್ತಗಾಗುವುದು ನಿಜವಾದರೂ ಕ್ಷಾರದಲ್ಲಿ ಬಿ1 ಜೀವಸತ್ವ ನಾಶವಾಗುತ್ತದೆ. ರಾತ್ರಿಯೇ ನೆನೆಹಾಕಿದರೆ ಸಾಕು. ಸೋಡಾದ ತೂಕದಲ್ಲಿ ಶೇಕಡಾ 27ರಷ್ಟು ಸೋಡಿಯಂ ಇರುವುದರಿಂದ ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಹೊಟ್ಟೆ ಉರಿಗೆಂದು ಅದನ್ನು ನೀರಿನಲ್ಲಿ ಕದಡಿ ಕುಡಿಯುವುದನ್ನು ವೈದ್ಯರನ್ನು ಕೇಳದೆ ಮಾಡಬಾರದು.

ಶುಚಿಯ ಕೆಲಸದಲ್ಲಿ ನಮಗೆ ಬೇಕಾಗಿರುವುದು ಸೋಡಾದ ಕ್ಷಾರಗುಣ. ಸ್ಟೀಲ್ ಕಾಫಿ ಫಿಲ್ಟರಿನ ತೂತುಗಳಲ್ಲಿ ಕಾಫಿಯ ಜಿಡ್ಡು ಕಟ್ಟಿಕೊಂಡು ಡಿಕಾಕ್ಷನ್ ಇಳಿಯುವುದೇ ನಿಧಾನವಾದಾಗ, ಕುದಿನೀರಿಗೆ ಒಂದು ಚಮಚ ಸೋಡಾ ಹಾಕಿ ಅದರಲ್ಲಿ ಫಿಲ್ಟರನ್ನು ಮುಳುಗಿಸಿಡುತ್ತೇವೆ. ನೀರು ಕಂದಾಗುತ್ತಾ ಬರುತ್ತದೆ. ಬ್ರಷ್ಷಿನಿಂದ ಉಜ್ಜಿ ಬೆಳಕಿಗೆ ಹಿಡಿದರೆ ಒಂದೊಂದು ತೂತೂ ತೆರೆದಿರುವುದು ಕಾಣುತ್ತದೆ. ಇದಕ್ಕೆ ವಿನೆಗರನ್ನೋ ನಿಂಬೆರಸವನ್ನೋ ಸೇರಿಸಿದರೆ ನೊರೆ ಉಕ್ಕುವುದು ಸೊಗಸಾಗಿ ಕಂಡರೂ ಎರಡೂ ಒಂದನ್ನೊಂದು ತೀರಿಸಿಕೊಂಡು ಹೆಚ್ಚುಕಡಿಮೆ ಉಪ್ಪುನೀರಷ್ಟೇ ಉಳಿಯುತ್ತದೆ. ಪಾತ್ರೆಯಲ್ಲಿ ಕಟ್ಟಿದ ಬಿಳಿ ಗಡಸುನೀರಿನ ಕರೆಗೆ ಹುಳಿಯೊಂದನ್ನೇ ಬಳಸಬೇಕು, ಜಿಡ್ಡಿಗೆ ಸೋಡಾವೊಂದನ್ನೇ. ಅಲ್ಯೂಮಿನಿಯಂ ಪಾತ್ರೆಗೆ ಸೋಡಾ ಬೇಡ, ಕಪ್ಪಾಗುತ್ತದೆ.

ಹಳೆಯ ಸೋಡಾವನ್ನು ಚಮಚದಲ್ಲಿ ತೆಗೆದು ಎರಡು ಹನಿ ನಿಂಬೆರಸ ಬಿಟ್ಟರೆ ಬುರಬುರನೆ ಉಕ್ಕಬೇಕು. ಉಕ್ಕದಿದ್ದರೆ ಅದನ್ನು ತಿಂಡಿಗೆ ಬಳಸುವುದಿಲ್ಲ. ಕರಿಯುವ ಬಾಣಲೆಯ ಹತ್ತಿರ ಮಾತ್ರ ಸೋಡಾದ ತುಂಬಿದ ಡಬ್ಬಿಯೊಂದು ಸದಾ ಬೇರೆಯಾಗಿ ಇರುತ್ತದೆ. ಎಣ್ಣೆಗೆ ಸಣ್ಣದಾಗಿ ಬೆಂಕಿ ಹತ್ತಿದರೆ ಮೊದಲು ಗ್ಯಾಸ್ ಆರಿಸಿ ಮುಚ್ಚಳ ಮುಚ್ಚಬೇಕು. ಮುಚ್ಚಳ ಸಿಗದಿದ್ದರೆ ಹಿಡಿ ಹಿಡಿಯಾಗಿ ಸೋಡಾ ಎರಚಬೇಕು, ನೀರನ್ನಂತೂ ಹಾಕಲೇಬಾರದು. ಬೆಂಕಿ ಆರಿದ ಮೇಲೂ ಎಣ್ಣೆ ಪೂರ್ತಿ ತಣಿಯುವ ತನಕ ಬಾಣಲೆಯನ್ನು ಯಾರೂ ಅಲುಗಿಸಕೂಡದು ಎಂದು ಕೆಲಸಕ್ಕೆ ಸೇರುವ ಪ್ರತಿಯೊಬ್ಬರಿಗೂ ಮೊದಲ ದಿನವೇ ಹೇಳಿಕೊಡುತ್ತೇನೆ.