ಕೊರಿಯಾಕ್ಕೆ ಬರುವ ಮೊದಲು ಬಹುವಚನ ಕಲಿಯಿರಿ

ದಕ್ಷಿಣ ಕೊರಿಯಾದ ಸುವೊನ್ ನಗರಕ್ಕೆ ಬಂದ ಮೊದಲ ವಾರ ಮನೆಯೊಡತಿ ಅಜ್ಜಿ ಒಂದು ಬುಟ್ಟಿ ಗಮ್ (ಪರ್ಸಿಮನ್) ಹಣ್ಣು ತಂದುಕೊಟ್ಟರು. ನೋಡಲು ದಪ್ಪ ಟೊಮೆಟೊ, ತಿಂದರೆ ಬೆಲ್ಲ. ಒಂದು ಕೈಯಲ್ಲಿ ಮೊಬೈಲ್ ಹಿಡಿದೇ ಇನ್ನೊಂದು ಕೈಯಲ್ಲಿ ಬುಟ್ಟಿ ತೆಗೆದುಕೊಂಡು, ಧಾರಾವಾಹಿ ನೋಡಿ ಕಲಿತಿದ್ದ ‘ಗೊಮಾವೊ’ ಒಪ್ಪಿಸಿದೆ. ಅಜ್ಜಿ ನನ್ನ ಮುಖ ನೋಡಿ ನಕ್ಕುಬಿಟ್ಟರು. ಎಪ್ಪತ್ತು ದಾಟಿದವರಿಗೆ ನಾನು ಏಕವಚನದಲ್ಲಿ ಕೃತಜ್ಞತೆ ಹೇಳಿದ್ದೆ, ಅದೂ ಒಂಟಿ ಕೈಯಲ್ಲಿ.

ಆದ್ದರಿಂದ ಹೊಸದಾಗಿ ಬರುವವರಿಗೆ ನಾನು ಹೇಳುವ ಮೊದಲ ಪಾಠ ‘ಯೊ’. ವಾಕ್ಯದ ಕೊನೆಗೆ ಅದು ಬಿದ್ದರೆ ಮಾತಿಗೆ ಮರ್ಯಾದೆ ಬರುತ್ತದೆ. ಅಪರಿಚಿತರು, ಮೇಲಧಿಕಾರಿ, ಅಂಗಡಿಯವರು, ಎಲ್ಲರಿಗೂ ‘ಯೊ’ ಹಚ್ಚಿ. ‘ಗೊಮಾವೊ’ ಗೆಳೆಯರಿಗೆ, ‘ಗಮ್ಸಾಹಮ್ನಿದಾ’ ಉಳಿದವರಿಗೆ. ಧಾರಾವಾಹಿಯ ಪ್ರೇಮಿಗಳಿಂದ ಭಾಷೆ ಕಲಿತು ಕಚೇರಿಗೆ ಹೋದರೆ ಕೆಟ್ಟಿರಿ.

ಪರಿಚಯವಾದ ಕೂಡಲೇ ನಿಮ್ಮ ವಯಸ್ಸು ಕೇಳುತ್ತಾರೆ. ಸಿಟ್ಟಾಗಬೇಡಿ, ಯಾವ ಕ್ರಿಯಾಪದ ಬಳಸಬೇಕೆಂಬ ಲೆಕ್ಕಾಚಾರ ಅದು. ಹುಟ್ಟಿದಾಗಲೇ ಒಂದು ವರ್ಷ, ಪ್ರತಿ ಜನವರಿ 1ಕ್ಕೆ ಇನ್ನೊಂದು ಎಂಬ ಹಳೆಯ ಎಣಿಕೆಯನ್ನು 2023ರ ಜೂನ್‌ನಲ್ಲಿ ಕಾನೂನು ಬದಿಗೆ ಸರಿಸಿದೆ. ಅಜ್ಜಿಯ ಬಾಯಿಂದ ಅದು ಇನ್ನೂ ಹೋಗಿಲ್ಲ. ಗೊಂದಲ ಬೇಡವಾದರೆ ಹುಟ್ಟಿದ ಇಸವಿ ಹೇಳಿಬಿಡಿ.

ಲಿಪಿಗೆ ಹೆದರಬೇಡಿ. ಸೇಜೊಂಗ್ ದೊರೆ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಕಟಿಸಿದ ಹಂಗುಲ್‌ನಲ್ಲಿ ಇಂದು ಬಳಕೆಯಲ್ಲಿರುವ ಮೂಲಾಕ್ಷರಗಳು 24 ಮಾತ್ರ. ‘ನ’ ಎನ್ನುವಾಗ ನಾಲಿಗೆಯ ತುದಿ ಮೇಲಕ್ಕೆ ಬಾಗುತ್ತದಲ್ಲ, ಆ ಬಾಗೇ ಅಕ್ಷರದ ಆಕಾರ. ಕಾಗುಣಿತ ಬರೆದು ಬೆಳೆದ ನಮಗೆ ವ್ಯಂಜನಕ್ಕೆ ಸ್ವರ ಕೂಡಿಸುವುದು ಹೊಸದಲ್ಲ; ನನಗೆ ಎರಡು ಭಾನುವಾರ ಸಾಕಾಯಿತು. ಅಕ್ಟೋಬರ್ 9 ಈ ಲಿಪಿಯ ಹೆಸರಿನ ಸರ್ಕಾರಿ ರಜೆ. ಲಿಪಿಗೊಂದು ರಜೆ! ಆಗಸ್ಟ್ 15 ಕೂಡ ರಜೆಯೇ, 1945ರಲ್ಲಿ ಜಪಾನಿನ ಆಳ್ವಿಕೆ ಕೊನೆಗೊಂಡ ದಿನ.

ಊಟಕ್ಕೆ ಕುಳಿತಾಗ ಹಿರಿಯರು ಚಮಚ ಎತ್ತುವವರೆಗೆ ಕಾಯಿರಿ. ಅನ್ನಕ್ಕೆ ಚಮಚ, ಪಲ್ಯಗಳಿಗೆ ಲೋಹದ ಕಡ್ಡಿ. ಬಟ್ಟಲನ್ನು ಮೇಜಿನಿಂದ ಎತ್ತಬಾರದು. ನೀರು ಬಡಿಸುವಾಗ, ಏನಾದರೂ ಕೊಡುವಾಗ ಎರಡು ಕೈ ಬಳಸಿ. ಇಲ್ಲವೇ ತೀರ್ಥಕ್ಕೆ ಕೈಯೊಡ್ಡುವಂತೆ ಎಡಗೈಯನ್ನು ಬಲಗೈಗೆ ಆನಿಸಿ. ಚಮಚವನ್ನು ಅನ್ನದಲ್ಲಿ ನೆಟ್ಟಗೆ ನಿಲ್ಲಿಸಲೇಬೇಡಿ, ಅದು ತೀರಿಕೊಂಡವರಿಗೆ ಎಡೆ ಇಡುವ ಕ್ರಮ. ಸಸ್ಯಾಹಾರಿಗಳಿಗೊಂದು ಕಿವಿಮಾತು: ‘ಮಾಂಸ ಬೇಡ’ ಎಂದರೆ ಸಾಲದು. ಕಿಮ್ಚಿಗೆ (ಹುಳಿ ಬರಿಸಿದ ತರಕಾರಿಯ ಖಾರದ ಉಪ್ಪಿನಕಾಯಿ) ಸಾಮಾನ್ಯವಾಗಿ ಉಪ್ಪು ಹಾಕಿದ ಸಿಗಡಿಯೋ ಮೀನಿನ ರಸವೋ ಬಿದ್ದಿರುತ್ತದೆ, ಸಾರು ಎಷ್ಟೋ ಸಲ ಒಣಮೀನಿನದು. ಬೌದ್ಧ ದೇವಾಲಯಗಳ ಅಡುಗೆ ಮಾತ್ರ ಮಾಂಸ, ಮೀನು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದ್ದು. ನನ್ನ ಅತ್ತೆ ಬಂದಾಗ ನೆಮ್ಮದಿಯಾಗಿ ಉಂಡದ್ದು ಅಲ್ಲೇ.

ಹಬ್ಬಗಳಲ್ಲಿ ಚುಸೊಕ್ ನೋಡಲೇಬೇಕು. ಚಾಂದ್ರಮಾನದ ಎಂಟನೆಯ ತಿಂಗಳ ಹುಣ್ಣಿಮೆ. ಹೆಚ್ಚಿನ ವರ್ಷಗಳಲ್ಲಿ ನಮ್ಮ ಅನಂತನ ಹುಣ್ಣಿಮೆಯ ಆಸುಪಾಸು, ಪಿತೃಪಕ್ಷದ ಹೊಸ್ತಿಲಲ್ಲೇ. ಇವರೂ ಆಗ ಹಿರಿಯರಿಗೆ ಎಡೆ ಇಡುತ್ತಾರೆ. ಸೊಂಗ್‌ಪ್ಯೊನ್ ಎಂದರೆ ನಮ್ಮ ಕಡುಬೇ: ಅಕ್ಕಿಹಿಟ್ಟಿನ ಕಣಕ, ಒಳಗೆ ಎಳ್ಳು ಸಕ್ಕರೆ, ಅರ್ಧಚಂದ್ರದ ಮಡಿಕೆ. ಹಬೆಯ ಪಾತ್ರೆಯಲ್ಲಿ ಬಾಳೆಲೆಯ ಬದಲು ದೇವದಾರುವಿನ ಕುಟುಂಬದ ಪೈನ್ ಮರದ ಸೂಜಿ ಎಲೆ. ನಾನು ಮಡಚಿದ್ದನ್ನು ಕಂಡು ಅಜ್ಜಿ ‘ಯಾರು ಕಲಿಸಿದರು?’ ಎಂದರು. ನಮ್ಮಮ್ಮ ಗಣೇಶ ಚೌತಿಗೆ ಕಲಿಸಿದ್ದು ಎನ್ನುವಷ್ಟು ಕೊರಿಯನ್ ಆಗ ನನಗಿರಲಿಲ್ಲ.

ಕಸದ ವಿಷಯ ಮರೆಯಬೇಡಿ. ಸ್ಥಳೀಯ ಆಡಳಿತದ ನಿಗದಿತ ಚೀಲವನ್ನು ದುಡ್ಡು ಕೊಟ್ಟು ಕೊಳ್ಳಬೇಕು, ಬೇರೆ ಆಡಳಿತದ ಚೀಲ ಸಾಮಾನ್ಯವಾಗಿ ನಡೆಯುವುದಿಲ್ಲ. ಅಡುಗೆ ಕಸ ಬೇರೆ. ಮೆಟ್ರೋ ಡಬ್ಬಿಯ ತುದಿಯ ಆಸನಗಳು ವೃದ್ಧರವು. ಖಾಲಿ ಇದ್ದರೂ ನಿಂತೇ ಹೋಗಿ.

ಈಗಲೂ ಮೆಟ್ಟಿಲಲ್ಲಿ ಸಿಕ್ಕಾಗ ಅಜ್ಜಿ ಕೇಳುವುದು ಒಂದೇ ಮಾತು: ‘ಬಪ್ ಮೊಗೊಸ್ಸೊ?’ ಊಟ ಆಯಿತೇನೇ? ಅವರು ಏಕವಚನ ಬಳಸಬಹುದು, ಹಿರಿಯರು. ‘ಮೊಗೊಸ್ಸೊಯೊ’ ಎನ್ನುತ್ತೇನೆ ನಾನು, ‘ಯೊ’ವನ್ನು ಸ್ವಲ್ಪ ಎಳೆದು.