ಲೀಪ್ ಆದ ಮೇಲೆ ಗರ್ಭಿಣಿಯಾದೆ: ಗರ್ಭಕಂಠದ ಅಳತೆಯ ಜೊತೆ ನನ್ನ ಅನುಭವ

ಗರ್ಭಕಂಠಕ್ಕೆ ಹಿಂದೆ ಚಿಕಿತ್ಸೆ ಆಗಿರುವ ಹೆಂಗಸು ಬಸುರಾದರೆ ಸುತ್ತಲಿನವರು ಮೊದಲು ಹೇಳುವ ಮಾತು "ಮಲಗಿಕೊಂಡೇ ಇರು" ಅಂತ. ನನಗೂ ಅದನ್ನೇ ಹೇಳಿದರು. ನಾನು ಮಲಗಲಿಲ್ಲ, ಗರ್ಭಕಂಠದ ಉದ್ದ ಅಳತೆ ಮಾಡಿಸಿಕೊಂಡೆ. ಸರಿಯಾದ ಹೊತ್ತಿಗೆ, ಸರಿಯಾದ ರೀತಿಯಲ್ಲಿ, ಮತ್ತೆ ಮತ್ತೆ ಅಳತೆ ಮಾಡಿಸಿದ್ದೇ ನನ್ನನ್ನು ದಡ ಸೇರಿಸಿತು ಅಂತ ನಾನು ನಂಬಿದ್ದೇನೆ. ಅದನ್ನು ಹೇಗೆ ಮಾಡಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ವಿಷಯದಲ್ಲಿ ತೀರ್ಮಾನ ಮಾಡಬೇಕಾದವರು ನಿಮ್ಮ ಡಾಕ್ಟರೇ.

ಮೊದಲು ಹಿನ್ನೆಲೆ. ಗರ್ಭಕಂಠದ ಜೀವಕೋಶ ನೋಡುವ ಪ್ಯಾಪ್ ಟೆಸ್ಟ್ ಸರಿ ಬರಲಿಲ್ಲ, ಗರ್ಭಕಂಠವನ್ನು ದೊಡ್ಡದಾಗಿಸಿ ನೋಡುವ ಕಾಲ್ಪೊಸ್ಕೋಪಿ ಆಯಿತು, ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯಲ್ಲಿ ಸಿಐಎನ್ 3 ಅಂತ ಬಂತು. ಅಂದರೆ ಕ್ಯಾನ್ಸರ್ ಅಲ್ಲ, ಆದರೆ ಬಿಟ್ಟರೆ ಮುಂದೆ ಆಗಬಹುದಾದ ಬದಲಾವಣೆ. ಲೀಪ್ ಮಾಡಿದರು. ಕರೆಂಟ್ ಹರಿಯುವ ತೆಳುವಾದ ತಂತಿಯ ಕುಣಿಕೆಯಿಂದ ಕೆಟ್ಟ ಭಾಗವನ್ನು ತೆಗೆಯುವ ವಿಧಾನ ಅದು. ಆಗ ಆ ಚಿಕಿತ್ಸೆ ನನಗೆ ಬೇಕೇ ಬೇಕಿತ್ತು. ಇದನ್ನು ಓದುತ್ತಿರುವ ಯಾರಿಗಾದರೂ ಲೀಪ್ ಮಾಡಿಸಿಕೊಳ್ಳಿ ಅಂತ ಹೇಳಿದ್ದರೆ, ಮುಂದಿನ ಬಸಿರಿನ ಹೆದರಿಕೆಗೆ ಅದನ್ನು ಕೈಬಿಡಬೇಡಿ. ಲೀಪ್ ಆದವರಲ್ಲಿ ಬಹುಪಾಲು ಜನರಿಗೆ ತಿಂಗಳು ತುಂಬಿಯೇ ಹೆರಿಗೆ ಆಗುತ್ತದೆ.

ಹಾಗಾದರೆ ಚಿಂತೆ ಯಾಕೆ? ಗರ್ಭಕಂಠ ಗಟ್ಟಿಯಾಗಿ ನಿಲ್ಲುವುದು ಅದರೊಳಗಿನ ಕೊಲಾಜೆನ್ ನಾರುಗಳಿಂದ. ತುಂಡು ತೆಗೆದಾಗ ಉದ್ದವೂ ಕಡಿಮೆಯಾಗುತ್ತದೆ, ಆ ನಾರೂ ಹೋಗುತ್ತದೆ. ಆಗ ಅದು ಮುಂಚೆಯೇ ತೆರೆದುಕೊಂಡು ತಿಂಗಳು ತುಂಬುವ ಮೊದಲೇ ಹೆರಿಗೆ ಆಗಬಹುದು. ಜೊತೆಗೆ ಲೋಳೆ ಸುರಿಸುವ ಗ್ರಂಥಿಗಳಲ್ಲಿ ಕೆಲವು ಹೋಗುತ್ತವೆ. ಬಸುರಿಯಲ್ಲಿ ಆ ಲೋಳೆ ಗಟ್ಟಿ ಬಿರಡೆಯಾಗಿ ನಿಂತು ಕೆಳಗಿನಿಂದ ಸೋಂಕು ಮೇಲೇರದಂತೆ ತಡೆಯುತ್ತದೆ. ಗಾಯ ಮಾಯುವಾಗ ಗರ್ಭಕಂಠ ಒಂದಷ್ಟು ಮಟ್ಟಿಗೆ ಮತ್ತೆ ಬೆಳೆಯುತ್ತದೆ, ನಿಜ. ಅದಕ್ಕೇ ಚಿಕಿತ್ಸೆ ಆದ ಕೂಡಲೇ ಗರ್ಭ ಧರಿಸದೆ ಕೆಲವು ತಿಂಗಳು ಬಿಡಿ ಅಂತಾರೆ. ಆದರೂ ಮೊದಲಿನ ಹಾಗೆ ಪೂರ್ತಿ ಆಗುತ್ತದೆ ಅನ್ನುವ ಖಾತ್ರಿ ಇಲ್ಲ.

ಇಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಎಷ್ಟು ಆಳ ತೆಗೆದಿದ್ದಾರೆ ಅನ್ನೋದು. "ಲೀಪ್ ಆಗಿದೆ" ಅನ್ನುವ ಎರಡು ಪದದಿಂದ ಡಾಕ್ಟರಿಗೆ ಅರ್ಧ ವಿಷಯ ಮಾತ್ರ ಗೊತ್ತಾಗುತ್ತದೆ. ತೆಗೆದ ತುಂಡು 10 ಮಿ.ಮೀ.ಗಿಂತ ಆಳವಾಗಿದ್ದರೆ ಬೇಗ ಹೆರಿಗೆಯಾಗುವ ಅಪಾಯ ಏರುತ್ತದೆ. ಆಳ ಹೆಚ್ಚಿದಷ್ಟೂ ಅದು ಹೆಚ್ಚು. ಎರಡು ಸಲ ಲೀಪ್ ಆಗಿದ್ದರೆ ಇನ್ನೂ ಜಾಸ್ತಿ. ಚಾಕುವಿನಿಂದ ಮಾಡುವ ಕೋನ್ ಬಯಾಪ್ಸಿಯಲ್ಲಿ ಸಾಮಾನ್ಯವಾಗಿ ಲೀಪ್‌ಗಿಂತ ಹೆಚ್ಚು ಭಾಗ ಹೋಗುತ್ತದೆ. ಕ್ರಯೋ (ಕೆಟ್ಟ ಭಾಗವನ್ನು ತಣ್ಣಗೆ ಹೆಪ್ಪುಗಟ್ಟಿಸಿ ನಾಶಮಾಡುವುದು) ಥರ ತುಂಡು ತೆಗೆಯದೆ ಮಾಡುವ ಚಿಕಿತ್ಸೆಯಲ್ಲಿ ಈ ಅಪಾಯ ಕಡಿಮೆ.

ಈ ಆಳ ಎಲ್ಲಿ ಸಿಗುತ್ತದೆ ಗೊತ್ತಾ? ಡಿಸ್ಚಾರ್ಜ್ ಚೀಟಿಯಲ್ಲಿ ಬಹಳ ಸಲ ಇರುವುದಿಲ್ಲ. ತೆಗೆದ ತುಂಡನ್ನು ಲ್ಯಾಬಿಗೆ ಕಳಿಸಿರುತ್ತಾರಲ್ಲ, ಆ ಪೆಥಾಲಜಿ ರಿಪೋರ್ಟಿನಲ್ಲಿ ಇರುತ್ತದೆ. ಅಲ್ಲಿ ಮೂರು ಅಳತೆ ಬರೆದಿರುತ್ತಾರೆ. ಮೂರರಲ್ಲಿ ಗರ್ಭಕಂಠದ ದಾರಿಯ ಉದ್ದಕ್ಕೆ ಯಾವುದು ಅಂತ ಕೇಳಿ ಗುರುತು ಹಾಕಿಸಿಕೊಳ್ಳಿ. ನಾನು ಆಸ್ಪತ್ರೆಯ ದಾಖಲೆ ವಿಭಾಗದಿಂದ ಆ ಹಾಳೆ ತೆಗೆಸಿ, ಬಸಿರು ಖಚಿತವಾದ ಮೊದಲ ಭೇಟಿಯಲ್ಲೇ ಮೇಜಿನ ಮೇಲಿಟ್ಟೆ. ನನ್ನದು 14 ಮಿ.ಮೀ. ಇತ್ತು. ಡಾಕ್ಟರ್ ಅದನ್ನು ನೋಡಿದ ಮೇಲೆ ಮಾತಿನ ಧಾಟಿಯೇ ಬದಲಾಯಿತು. "ಸರಿ, ಹಾಗಾದರೆ 16 ವಾರದಿಂದ ನೋಡೋಣ" ಅಂದರು.

ಹದಿನಾರೇ ಯಾಕೆ ಅಂತ ಕೇಳಿದೆ. ಅದಕ್ಕೆ ಮುಂಚೆ ಗರ್ಭಕೋಶದ ಕೆಳಭಾಗ ಸರಿಯಾಗಿ ಬಿಡಿಸಿಕೊಂಡಿರುವುದಿಲ್ಲ. ಎಲ್ಲಿ ಗರ್ಭಕೋಶ ಮುಗಿದು ಎಲ್ಲಿ ಗರ್ಭಕಂಠ ಶುರು ಅನ್ನುವುದು ಸ್ಕ್ಯಾನಿನಲ್ಲಿ ಬೇರೆಯಾಗಿ ಕಾಣಿಸುವುದಿಲ್ಲ. ನನಗೆ 16ರಿಂದ 24 ವಾರದವರೆಗೆ ಎರಡು ವಾರಕ್ಕೊಮ್ಮೆ ಅಂತ ನಿಗದಿ ಮಾಡಿದರು. ಎಲ್ಲ ಕಡೆ ಇಷ್ಟು ಸ್ಕ್ಯಾನ್ ಮಾಡುವುದಿಲ್ಲ. ಬ್ರಿಟನ್ನಿನ ಪದ್ಧತಿಯಲ್ಲಿ 10 ಮಿ.ಮೀ.ಗಿಂತ ಆಳದ ಲೀಪ್ ಆದವರಿಗೆ 18ರಿಂದ 22 ವಾರದ ನಡುವೆ ಕನಿಷ್ಠ ಒಂದು ಅಳತೆ ಅಂತ ಇದೆ. ಒಂದೇ ಆದರೂ ಸರಿ, ಅದನ್ನು ತಪ್ಪಿಸಬೇಡಿ.

ಈಗ ಸ್ಕ್ಯಾನಿನ ವಿಷಯ. ಇದರ ಬಗ್ಗೆ ನನಗೆ ಹೇಳಬೇಕಾದ್ದು ತುಂಬಾ ಇದೆ. ಯಾಕೆಂದರೆ ಮುಂದಿನ ತೀರ್ಮಾನವೆಲ್ಲ ಆ ಒಂದು ಅಂಕಿಯ ಮೇಲೆ ನಿಂತಿರುತ್ತದೆ, ಮತ್ತು ಆ ಅಂಕಿ ಅವಸರದಲ್ಲಿ ಸುಲಭವಾಗಿ ತಪ್ಪಾಗುತ್ತದೆ.

ಹೊಟ್ಟೆಯ ಮೇಲಿಂದ ಮಾಡುವ ಸ್ಕ್ಯಾನಿನ ಅಳತೆಯನ್ನು ಇದಕ್ಕೆ ನಂಬಬಾರದು. ಅದಕ್ಕೆ ಮೂತ್ರಕೋಶ ತುಂಬಿರಬೇಕು, ತುಂಬಿದ ಮೂತ್ರಕೋಶ ಗರ್ಭಕಂಠವನ್ನು ಒತ್ತಿ ಉದ್ದ ಕಾಣುವ ಹಾಗೆ ಮಾಡುತ್ತದೆ. ಯೋನಿಯ ಮೂಲಕ ಮಾಡುವ ಒಳಗಿನ ಸ್ಕ್ಯಾನೇ ಆಗಬೇಕು, ಮೂತ್ರ ಮಾಡಿ ಬಂದ ಮೇಲೆ ಆಗಬೇಕು. ಬಸಿರಿನಲ್ಲಿ ಒಳಗಿನ ಸ್ಕ್ಯಾನ್ ಅಂದರೆ ನನಗೂ ಭಯ ಇತ್ತು. ಅದರಿಂದ ಮಗುವಿಗೆ ತೊಂದರೆ ಇಲ್ಲ, ನೋವೂ ಅಂಥದ್ದೇನಿಲ್ಲ. ಪ್ರೋಬ್ (ಒಳಗೆ ಇಡುವ ಸ್ಕ್ಯಾನಿನ ಕಡ್ಡಿ) ಗಟ್ಟಿಯಾಗಿ ಒತ್ತಿದರೂ ಅಳತೆ ಸುಳ್ಳೇ ಉದ್ದ ಬರುತ್ತದೆ. ನನಗೆ ಸ್ಕ್ಯಾನ್ ಮಾಡಿದವರು ಚಿತ್ರ ಮಸುಕಾಗುವವರೆಗೆ ಪ್ರೋಬ್ ಹಿಂದಕ್ಕೆ ಎಳೆದು, ಮತ್ತೆ ಹಗುರವಾಗಿ ಮುಂದೆ ತಂದು, ಆಮೇಲೆ ಅಳೆಯುತ್ತಿದ್ದರು. ಒಳಬಾಯಿಯಿಂದ ಹೊರಬಾಯಿಗೆ ಗೆರೆ. ಮೂರು ಸಲ ಅಳೆದು, ಸರಿಯಾಗಿ ಬಂದ ಚಿತ್ರಗಳಲ್ಲಿ ಚಿಕ್ಕದನ್ನು ಬರೆದುಕೊಳ್ಳುತ್ತಿದ್ದರು. ನಡುವೆ ಹೊಟ್ಟೆಯ ಮೇಲ್ಭಾಗವನ್ನು ಮೆಲ್ಲಗೆ ಒತ್ತಿ, ಬಾಯಿ ತೆರೆದುಕೊಳ್ಳುತ್ತದಾ ಅಂತ ನೋಡುತ್ತಿದ್ದರು. ಗರ್ಭಕಂಠ ನೋಡುನೋಡುತ್ತಿದ್ದ ಹಾಗೆಯೇ ಬದಲಾಗಬಹುದು, ಅದಕ್ಕೇ ಕೆಲವು ನಿಮಿಷ ಕಾಯಬೇಕು. ಅರ್ಧ ನಿಮಿಷದಲ್ಲಿ ಮುಗಿದ ಸ್ಕ್ಯಾನ್ ನನಗೆ ಸಮಾಧಾನ ಕೊಡುತ್ತಿರಲಿಲ್ಲ. ಇನ್ನೊಮ್ಮೆ ನೋಡ್ತೀರಾ ಅಂತ ಕೇಳುತ್ತಿದ್ದೆ. ಕೇಳುವುದರಲ್ಲಿ ಸಂಕೋಚ ಬೇಡ.

ಆದಷ್ಟು ಒಬ್ಬರೇ ಅಳೆಯುವಂತೆ ನೋಡಿಕೊಂಡೆ. ಅಳೆಯುವ ಕೈ ಬದಲಾದರೆ ಕೆಲವು ಮಿ.ಮೀ. ಆಚೀಚೆ ಆಗುತ್ತದೆ. ಆ ವ್ಯತ್ಯಾಸಕ್ಕೇ ರಾತ್ರಿ ನಿದ್ದೆ ಕೆಡಿಸಿಕೊಳ್ಳುವ ಹೆಂಗಸರು ಎಷ್ಟೋ ಜನ.

ಆ ಹೊತ್ತಿನಲ್ಲಿ ಸಾಮಾನ್ಯವಾಗಿ 35ರಿಂದ 40 ಮಿ.ಮೀ. ಆಸುಪಾಸು ಇರುತ್ತದೆ. 24 ವಾರದೊಳಗೆ 25 ಅಥವಾ ಅದಕ್ಕಿಂತ ಕಡಿಮೆ ಬಂದರೆ ಗಿಡ್ಡ ಅನ್ನುತ್ತಾರೆ. ನನ್ನದು 33ರಲ್ಲಿ ಶುರುವಾಯಿತು. ಲೀಪ್ ಆದವರಿಗೆ ಶುರುವಿನ ಅಂಕಿಯೇ ಸ್ವಲ್ಪ ಕಡಿಮೆ ಇರಬಹುದು, ಅದೊಂದನ್ನೇ ನೋಡಿ ಹೆದರಬೇಡಿ, ಇಳಿಯುತ್ತಿದೆಯಾ ಅನ್ನೋದನ್ನು ನೋಡೋಣ ಅಂದರು. ಮುಂದಿನದು 31. 20 ವಾರಕ್ಕೆ 28. ಅಲ್ಲಿಂದ ವಾರಕ್ಕೊಮ್ಮೆ ಬರಲು ಹೇಳಿದರು. ಆಮೇಲೆ 24 ಬಂತು, ಒಳಬಾಯಿ ಚೂರು ಅಗಲವಾಗಿ ಕೊಳವೆಯ ಆಕಾರ ಕಾಣಿಸಿತು. ಮುಚ್ಚಿರುವ ಗರ್ಭಕಂಠ ಪರದೆಯ ಮೇಲೆ ಇಂಗ್ಲಿಷಿನ 'ಟಿ' ಹಾಗೆ ಕಾಣುತ್ತದೆ. ತೆರೆಯುತ್ತಾ ಹೋದಂತೆ 'ವೈ', ಆಮೇಲೆ 'ವಿ', ಕೊನೆಗೆ 'ಯು'. ನನ್ನದು ವೈ. ಅಳತೆಗೆ ಬರುವುದು ಮುಚ್ಚಿರುವ ಭಾಗ ಮಾತ್ರ.

ಆ ದಿನ ಅತ್ತೆ. ಆದರೆ ಕೋಣೆಯಲ್ಲಿ ಕೂತಿದ್ದಾಗಲೇ ಮುಂದೇನು ಅಂತ ಗೊತ್ತಿತ್ತು. ಯಾವ ಅಂಕಿ ಬಂದರೆ ಏನು ಮಾಡೋದು ಅಂತ ಮೊದಲ ಭೇಟಿಯಲ್ಲೇ ಮಾತಾಡಿಕೊಂಡಿದ್ದೆವು. ಗರ್ಭಕಂಠದ ಚಿಂತೆ ಇರುವ ಪ್ರತಿಯೊಬ್ಬರಿಗೂ ಇದನ್ನು ಒತ್ತಿ ಹೇಳುತ್ತೇನೆ. ಅಂಕಿ ಬರುವ ಮುಂಚೆಯೇ ದಾರಿ ತೀರ್ಮಾನವಾಗಿರಲಿ. ಅಳುವಾಗ ಯಾರಿಗೂ ಸರಿಯಾಗಿ ಯೋಚಿಸಲು ಆಗುವುದಿಲ್ಲ.

ಅಂದೇ ರಾತ್ರಿಯಿಂದ 200 ಮಿ.ಗ್ರಾಂ. ಪ್ರೊಜೆಸ್ಟರಾನ್ ಹಾರ್ಮೋನು, ಯೋನಿಯೊಳಗೆ ಇಡುವ ಗುಳಿಗೆ. ಹೊಟ್ಟೆಯಲ್ಲಿ ಒಂದೇ ಮಗು ಇದ್ದು ಗರ್ಭಕಂಠ ಗಿಡ್ಡವಾದವರಲ್ಲಿ ಇದು ಬೇಗ ಹೆರಿಗೆಯಾಗುವುದನ್ನು ಕಡಿಮೆ ಮಾಡುತ್ತದೆ. ಇಷ್ಟು ಗಟ್ಟಿ ಆಧಾರ ಇರುವ ಉಪಾಯ ಈ ವಿಷಯದಲ್ಲಿ ಹೆಚ್ಚಿಲ್ಲ. ಮಲಗುವ ಮುಂಚೆ ಇಟ್ಟುಕೊಂಡರೆ ಒಳ್ಳೆಯದು. ಬೆಳಿಗ್ಗೆ ಬಿಳಿಯಾಗಿ, ಜಿಡ್ಡಾಗಿ ಸ್ವಲ್ಪ ಹೊರಬರುತ್ತದೆ. ಅದು ಔಷಧಿಯದ್ದೇ, ಗಾಬರಿ ಬೇಡ. ನೀರಿನ ಹಾಗೆ ತೆಳ್ಳಗೆ, ತಡೆಯದೆ ಸೋರಿದರೆ ಮಾತ್ರ ಅದು ಬೇರೆ ವಿಷಯ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಹೊಲಿಗೆ ಯಾಕೆ ಹಾಕಲಿಲ್ಲ ಅಂತ ಈಗಲೂ ಕೇಳುತ್ತಾರೆ. ಹೊಲಿಗೆ ಅಂದರೆ ಸರ್ಕ್ಲಾಜ್. ಚೀಲದ ಬಾಯಿಗೆ ದಾರ ಎಳೆದು ಬಿಗಿದ ಹಾಗೆ ಗರ್ಭಕಂಠದ ಸುತ್ತ ಹಾಕುತ್ತಾರೆ. 1955ರಲ್ಲಿ ಮುಂಬೈಯ ಡಾ. ವಿ. ಎನ್. ಶಿರೋಡ್ಕರ್ ಇದರ ಒಂದು ವಿಧಾನವನ್ನು ಪ್ರಕಟಿಸಿದರು. 1957ರಲ್ಲಿ ಆಸ್ಟ್ರೇಲಿಯಾದ ಇಯಾನ್ ಮೆಕ್‌ಡೊನಾಲ್ಡ್ ಇನ್ನೂ ಸರಳವಾದದ್ದನ್ನು ಕೊಟ್ಟರು. ಇವತ್ತಿಗೂ ಆಸ್ಪತ್ರೆಗಳಲ್ಲಿ ಈ ಎರಡೂ ಹೆಸರು ಕೇಳುತ್ತೀರಿ. ಹಿಂದೆ ತಿಂಗಳು ತುಂಬದೆ ಹೆರಿಗೆಯಾದವರಿಗೆ, ನಾಲ್ಕು ಐದನೇ ತಿಂಗಳಲ್ಲಿ ನೋವಿಲ್ಲದೆಯೇ ಮಗು ಕಳೆದುಕೊಂಡವರಿಗೆ ಇದರಿಂದ ನಿಜವಾದ ಉಪಯೋಗ ಇದೆ. ನನಗೆ ಅಂಥ ಹಿನ್ನೆಲೆ ಇರಲಿಲ್ಲ. ಲೀಪ್ ಆಗಿದೆ ಅನ್ನುವ ಒಂದೇ ಕಾರಣಕ್ಕೆ ಎಲ್ಲರಿಗೂ ಹೊಲಿಗೆ ಹಾಕುವುದಿಲ್ಲ. ಅದರಿಂದ ಸೋಂಕು, ರಕ್ತಸ್ರಾವ, ನೀರಿನ ಚೀಲ ಒಡೆಯುವ ಅಪಾಯ ಸ್ವಲ್ಪವಾದರೂ ಇದ್ದೇ ಇದೆ. "ಉದ್ದ 10 ಮಿ.ಮೀ.ಗಿಂತ ಕೆಳಗೆ ಹೋದರೆ, ಇಲ್ಲ ಬಾಯಿ ತೆರೆದರೆ, ಆಗ ಹೊಲಿಗೆಯ ಬಗ್ಗೆ ಮಾತಾಡೋಣ" ಅಂದರು ಡಾಕ್ಟರ್. ಇದರಲ್ಲಿ ಡಾಕ್ಟರುಗಳ ನಡುವೆ ಅಭಿಪ್ರಾಯ ವ್ಯತ್ಯಾಸ ಇದೆ, ಇನ್ನೊಬ್ಬರು 24 ಮಿ.ಮೀ. ಇದ್ದಾಗಲೇ ಹಾಕಬಹುದಿತ್ತು. ಕಾರಣ ಕೇಳಿ ತಿಳಿದುಕೊಂಡು ಒಪ್ಪಿದ್ದರಿಂದ ನನಗೆ ಆಮೇಲೆ ತಳಮಳ ಆಗಲಿಲ್ಲ.

ಮಲಗುವ ವಿಷಯಕ್ಕೆ ಬರುತ್ತೇನೆ. ಮನೆಯಲ್ಲಿ ಇದೇ ದೊಡ್ಡ ವಾದ. ಅಮ್ಮ ಫೋನ್ ಮಾಡಿದಾಗಲೆಲ್ಲ "ಎದ್ದು ಓಡಾಡ್ತಿದ್ದೀಯಾ?" ಅಂತ ಗಾಬರಿಯಿಂದ ಕೇಳುತ್ತಿದ್ದರು. ಅಮ್ಮನದು ಪ್ರೀತಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾಸಿಗೆಯಲ್ಲೇ ಇರುವುದರಿಂದ ಬೇಗ ಹೆರಿಗೆಯಾಗುವುದು ತಪ್ಪುತ್ತದೆ ಅಂತ ಯಾರೂ ತೋರಿಸಿಲ್ಲ. ತೊಂದರೆಗಳು ಮಾತ್ರ ಇವೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಬಸಿರಿನಲ್ಲಿ ಆ ಅಪಾಯ ಮೊದಲೇ ಹೆಚ್ಚು. ಸ್ನಾಯು ಸೊರಗುತ್ತದೆ, ಮೂಳೆ ಸವೆಯುತ್ತದೆ, ಮನಸ್ಸು ಕುಸಿಯುತ್ತದೆ. ಕೊನೆಗೆ ಅಮ್ಮನನ್ನು ಒಂದು ಭೇಟಿಗೆ ಜೊತೆಗೆ ಕರೆದುಕೊಂಡು ಹೋದೆ. ಡಾಕ್ಟರ್ ಬಾಯಿಂದಲೇ ಕೇಳಿದ ಮೇಲೆ ಒತ್ತಾಯ ನಿಂತಿತು. ನಾನು ಕೂತು ಮಾಡುವ ಕೆಲಸ ಬಿಡಲಿಲ್ಲ, ನಿಧಾನವಾಗಿ ನಡೆದೆ. ಭಾರ ಎತ್ತುವುದು, ಗಂಟೆಗಟ್ಟಲೆ ನಿಲ್ಲುವುದು ಬಿಟ್ಟೆ. ಅಳತೆ ಇಳಿದ ಮೇಲೆ ಗಂಡ ಹೆಂಡತಿ ಕೂಡುವುದು ಬೇಡ ಅಂದರು, ಹಾಗೇ ಮಾಡಿದೆವು. ಮೂತ್ರದ ಪರೀಕ್ಷೆಯನ್ನು ಮಾತ್ರ ತಪ್ಪಿಸಲಿಲ್ಲ. ಲಕ್ಷಣವೇ ಇಲ್ಲದ ಮೂತ್ರದ ಸೋಂಕಿಗೂ ಬಸಿರಿನಲ್ಲಿ ಚಿಕಿತ್ಸೆ ಬೇಕು.

ಮುಂದಿನ ವಾರಗಳಲ್ಲಿ ಅಳತೆ 22, 23 ಮಿ.ಮೀ.ನಲ್ಲಿ ನಿಂತಿತು. 24 ವಾರ ದಾಟಿದ ಮೇಲೆ ಅಳೆಯುವುದನ್ನೇ ನಿಲ್ಲಿಸಿದರು. ಆಗ ನನಗೆ ಕೈಯಲ್ಲಿದ್ದ ಹಿಡಿಕೆ ಬಿಟ್ಟುಹೋದ ಹಾಗೆ ಅನಿಸಿತ್ತು. ಆದರೆ ಅಷ್ಟು ಹೊತ್ತಿಗೆ ಬೇರೆ ತಯಾರಿ ಮಾಡಿಕೊಂಡಿದ್ದೆವು. ನವಜಾತ ಶಿಶುಗಳ ತೀವ್ರ ನಿಗಾ ಘಟಕ ಇರುವ ಆಸ್ಪತ್ರೆಯಲ್ಲೇ ಹೆರಿಗೆ ಅಂತ ತೀರ್ಮಾನಿಸಿದ್ದೆವು. ಮಗುವಿನ ಶ್ವಾಸಕೋಶ ಬಲಿಯಲು ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಈಗಲೇ ಕೊಡಿ ಅಂತ ಕೇಳಿದ್ದೆ. ಕೊಡಲಿಲ್ಲ. ಒಂದು ವಾರದೊಳಗೆ ಹೆರಿಗೆಯಾಗುವ ಸಂಭವ ಇದ್ದಾಗ ಕೊಟ್ಟರೇ ಅದರ ಪೂರ್ತಿ ಪ್ರಯೋಜನ, ಸುಮ್ನೆ ಮುಂಚಿತವಾಗಿ ಕೊಡುವಂಥದ್ದಲ್ಲ.

ಏಳನೇ ತಿಂಗಳಲ್ಲಿ ಒಂದು ರಾತ್ರಿ ಕೆಳಗೆ ಭಾರ ಬಿದ್ದ ಹಾಗೆ, ಸೊಂಟ ಹಿಡಿದು ಬಿಟ್ಟ ಹಾಗೆ ಆಯಿತು. ಬೆಳಗಾಗಲಿ ಅಂತ ಕಾಯಲಿಲ್ಲ. ಅಲ್ಲಿ ಕೈ ಹಾಕಿ ಪರೀಕ್ಷೆ ಮಾಡುವ ಮುಂಚೆ ಹತ್ತಿಯ ಕಡ್ಡಿಯಿಂದ ಫೈಬ್ರೊನೆಕ್ಟಿನ್ ಪರೀಕ್ಷೆಗೆ ಮಾದರಿ ತೆಗೆದರು. ನೆಗೆಟಿವ್ ಬಂತು. ಈ ಪರೀಕ್ಷೆಯಲ್ಲಿ ನೆಗೆಟಿವ್ ಬಂದರೆ ಮುಂದಿನ ಒಂದೆರಡು ವಾರದಲ್ಲಿ ಹೆರಿಗೆಯಾಗುವ ಸಾಧ್ಯತೆ ತುಂಬಾ ಕಡಿಮೆ. ಪಾಸಿಟಿವ್ ಬಂದರೆ ಅದು ಅಷ್ಟು ನಿಖರ ಅಲ್ಲ. ಮನೆಗೆ ಕಳಿಸಿದರು.

36 ವಾರ ಮುಗಿದ ಮೇಲೆ ಗುಳಿಗೆ ನಿಲ್ಲಿಸಿದೆ. ಮರುದಿನವೇ ನೋವು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. 38 ವಾರಕ್ಕೆ ಶುರುವಾಯಿತು. ಆಗ ಯಾರೂ ಮುಂಚೆ ಹೇಳದಿದ್ದ ಇನ್ನೊಂದು ವಿಷಯ ಗೊತ್ತಾಯಿತು. ಲೀಪ್‌ನ ಗಾಯದ ಗುರುತು ಗಟ್ಟಿಯಾಗಿ, ಹೆರಿಗೆಯಲ್ಲಿ ಬಾಯಿ ತೆರೆಯದಂತೆ ಹಿಡಿದುಕೊಳ್ಳಬಹುದು. ಗಂಟೆಗಟ್ಟಲೆ ಜೋರು ನೋವು, ಗರ್ಭಕಂಠ ಕಾಗದದಷ್ಟು ತೆಳ್ಳಗಾಗಿದೆ, ಆದರೆ ಬೆರಳಿಗಿಂತ ಹೆಚ್ಚು ತೆರೆದಿಲ್ಲ. ಪಾಳಿಯ ಡಾಕ್ಟರಿಗೆ "ನನಗೆ ಲೀಪ್ ಆಗಿದೆ" ಅಂದೆ. ಅವರು ಪರೀಕ್ಷೆ ಮಾಡುವಾಗ ಬೆರಳಿನಿಂದಲೇ ಆ ಗಾಯದ ಅಂಚನ್ನು ಬಿಡಿಸಿದರು. ಆಮೇಲೆ ಬೇಗ ಬೇಗ ತೆರೆಯಿತು, ಮಗಳು ಹುಟ್ಟಿದಳು. ಹಾಗಾಗಿ ಹೆರಿಗೆ ಕೋಣೆಗೆ ಹೋದ ಕೂಡಲೇ, ಅಲ್ಲಿರುವ ಪ್ರತಿಯೊಬ್ಬರಿಗೂ ಲೀಪ್ ಆದದ್ದನ್ನು ಹೇಳಿ. ಫೈಲಿನಲ್ಲಿ ಇದೆಯಲ್ಲ ಅಂತ ಬಿಡಬೇಡಿ.

ಹೆರಿಗೆ ಆದ ಮೇಲೆ ಎಚ್‌ಪಿವಿ (ಗರ್ಭಕಂಠದಲ್ಲಿ ಇಂಥ ಬದಲಾವಣೆ ತರುವ ವೈರಸ್) ಪರೀಕ್ಷೆ ಮತ್ತೆ ಶುರುಮಾಡಿದ್ದೇನೆ. ಸಿಐಎನ್ 3ಕ್ಕೆ ಚಿಕಿತ್ಸೆ ಆದವರು ಕನಿಷ್ಠ 25 ವರ್ಷ ತಪಾಸಣೆಯಲ್ಲಿ ಇರಬೇಕು ಅಂತ ಅಮೆರಿಕದ ಮಾರ್ಗಸೂಚಿ ಹೇಳುತ್ತದೆ. ಮಗು ಬಂದ ಮೇಲೆ ಇದೇ ಮೊದಲು ಮರೆತುಹೋಗುವುದು. ಮುಂದಿನ ತಪಾಸಣೆಯ ದಿನಾಂಕವನ್ನು ಮಗಳ ಲಸಿಕೆಯ ಕಾರ್ಡಿನ ಹಿಂಬದಿಯಲ್ಲೇ ಬರೆದಿಟ್ಟಿದ್ದೇನೆ. ಆ ಪೆಥಾಲಜಿ ರಿಪೋರ್ಟು, ಅಳತೆಗಳ ಪಟ್ಟಿ, ಹೆರಿಗೆಯ ಟಿಪ್ಪಣಿ ಮೂರೂ ಒಂದೇ ಕವರಿನಲ್ಲಿವೆ. ಇನ್ನೊಂದು ಮಗು ಅಂತ ಯೋಚನೆ ಬಂದರೆ ಡಾಕ್ಟರ್ ಮೊದಲು ಕೇಳುವುದು ಅವನ್ನೇ.